ಇನ್ನೆರಡು ಬೆರಳು

ಗಂಡ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿರುವಾಗ ನಾನು ಅದೇ ಗಂಡನನ್ನು ನೆನೆಸಿಕೊಂಡು ಕಣ್ಣು ಒರೆಸಿಕೊಳ್ಳುತ್ತೇನೆ ಎಂದರೆ ನಿಮಗೆ ನಗು ಬರಬಹುದು. ನಗಿ, ಬೇಜಾರಿಲ್ಲ. ಬದುಕಿರುವ ಗಂಡನ ಹಳೆಯ ನಡಿಗೆಗಾಗಿ ಹಂಬಲಿಸುವ ಹೆಂಗಸು ಇಡೀ ಚಿತ್ರದುರ್ಗದಲ್ಲಿ ನಾನೊಬ್ಬಳೇ ಇರಬೇಕು.

ಇವರದು ಗಿಡ್ಡ ಆಳು. ನಾನು ಒಂದು ಹೆಜ್ಜೆ ಇಡುವಷ್ಟರಲ್ಲಿ ಇವರದು ಎರಡಾಗಿರುತ್ತಿತ್ತು, ನಡುವೆ ನಾಲ್ಕು ಮಾತೂ ಆಗಿರುತ್ತಿತ್ತು. ಸಂಜೆ ಫೋಟೋ ಸ್ಟುಡಿಯೋ ಮುಚ್ಚಿ ಸಂತೆಪೇಟೆ ಕಡೆಯಿಂದ ಬರುವಾಗ ನಮ್ಮ ಮಹಡಿಯಿಂದ ನೋಡಿದರೆ ಇವರ ತಲೆ ಕಾಣುತ್ತಿರಲಿಲ್ಲ. ಜನ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿಯುವುದು ಕಾಣುತ್ತಿತ್ತು. ಅದನ್ನು ನೋಡಿಯೇ ನಾನು ಟೀಗೆ ನೀರಿಡುತ್ತಿದ್ದೆ. ಕೋಟೆಯ ಮೆಟ್ಟಿಲನ್ನಂತೂ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಕುರಿಮರಿ ಹಾಗೆ ಹಾರಿಕೊಂಡೇ ಹತ್ತುತ್ತಿದ್ದರು. ಮದುವೆಗೆ ಮುಂಚೆ ಜೋಡಿಗಳು ಫೋಟೋ ತೆಗೆಸಿಕೊಳ್ಳಲು ಕೋಟೆಗೆ ಬರುತ್ತವಲ್ಲ, ಆ ಹುಡುಗ ಹುಡುಗಿ ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ಇವರು ಬಂಡೆ ಮೇಲೆ ಕೂತು ಅರ್ಧ ಪೊಟ್ಟಣ ಶೇಂಗಾ ಮುಗಿಸಿರುತ್ತಿದ್ದರು.

ಆ ನಡಿಗೆ ಈಗಿಲ್ಲ. ಎರಡೂ ಮೊಣಕಾಲಿನ ಕೆಳಗಿನ ಮೂಳೆ ಕುಯ್ಯಿಸಿ, ಎಳೆಸಿ, ಎತ್ತರವಾದರು. ಅಷ್ಟು ಸಾಲದು ಎಂದು ಮತ್ತೆ ತೊಡೆಯ ಮೂಳೆಗಳನ್ನೂ ಕುಯ್ಯಿಸಿಕೊಳ್ಳಲು ಹೊರಟಿದ್ದರು. ಹೋಗುತ್ತಾರೋ ಬಿಡುತ್ತಾರೋ ಎಂದು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ದಿನಗಳ ಮಾತು ಇದು.

ಮೊದಲಿಂದ ಹೇಳುತ್ತೇನೆ. ಹೊಳಲ್ಕೆರೆಯ ನಮ್ಮ ಮನೆಗೆ ಇವರು ಹೆಣ್ಣು ನೋಡಲು ಬಂದಿದ್ದರು. ನಾನು ಕಾಫಿ ತಟ್ಟೆ ಹಿಡಿದು ನಡುಮನೆಗೆ ಹೋದೆ. ನಮ್ಮ ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಂದು, “ಹುಡುಗ ಒಂದ್ಸಲ ಎದ್ದು ನಿಂತ್ಕಂಡ್ರೆ ನೋಡಬೌದಿತ್ತು” ಎಂದಳು. ನಾನು, “ನಿಂತೇ ಅವ್ರೆ, ಸುಮ್ಕಿರು” ಎಂದೆ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ, ಇಡೀ ನಡುಮನೆಗೆ ಕೇಳಿಸಿತ್ತು. ಎಲ್ಲರೂ ಹೌಹಾರಿದರು. ಇವರೊಬ್ಬರೇ ಗೊಳ್ಳೆಂದು ನಕ್ಕರು. ಆಮೇಲೆ ಹಿತ್ತಲಲ್ಲಿ ಇಬ್ಬರನ್ನೇ ಮಾತಾಡಲು ಬಿಟ್ಟಾಗ, “ನೋಡ್ರಿ, ನೀವು ನನಗಿಂತ ಐದು ಬೆರಳು ಎತ್ತರ ಇದೀರ. ನಾನು ಫೋಟೋ ತೆಗಿಯೋನು, ಕಣ್ಣಲ್ಲೇ ಅಳತೆ ಹಿಡಿತೀನಿ. ನಮ್ಮಿಬ್ರನ್ನೂ ಒಂದೇ ಎತ್ತರ ಕಾಣಂಗೆ ನಿಲ್ಸಾದು ನಂಗೊತ್ತೈತೆ. ಉಳಿದಿದ್ದು ನಿಮಗೆ ಬಿಟ್ಟಿದ್ದು” ಎಂದರು. ಇಂಥ ಮನುಷ್ಯನ ಜೊತೆ ಬಾಳು ಬೇಸರವಾಗುವುದಿಲ್ಲ ಅನ್ನಿಸಿತು. ಅಲ್ಲೇ ಒಪ್ಪಿಕೊಂಡೆ.

ನಮ್ಮ ಮದುವೆಯ ಫೋಟೋದಲ್ಲಿ ನಾವು ಸಮಸಮ ಇದ್ದೇವೆ. ಇವರು ಒಂದು ಮರದ ಪೆಟ್ಟಿಗೆ ಮೇಲೆ ನಿಂತಿದ್ದಾರೆ, ಪೆಟ್ಟಿಗೆಯನ್ನು ನನ್ನ ಸೀರೆಯ ನೆರಿಗೆ ಮುಚ್ಚಿದೆ. ಅಂಥ ಪೆಟ್ಟಿಗೆಗಳು ಇವರ ಸ್ಟುಡಿಯೋದಲ್ಲಿ ಬೇರೆ ಬೇರೆ ಎತ್ತರದವು ಇದ್ದವು, ಎಲ್ಲಕ್ಕೂ ಕೆಂಪು ಮಖಮಲ್ಲು ಹೊದಿಸಿದ್ದರು. ಗಿಡ್ಡ ಮದುಮಗ ಬಂದರೆ ಇವರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. “ಈ ಕಡೆ ಬರ್ರಿ, ಇಲ್ಲಿ ಬೆಳಕು ಚೆನ್ನಾಗೈತೆ” ಎಂದು ಕರೆದು ನೇರ ಪೆಟ್ಟಿಗೆ ಮೇಲೆ ಹತ್ತಿಸುತ್ತಿದ್ದರು. ಆ ಹುಡುಗನ ಮುಖ ಅರಳುವುದನ್ನು ನಾನೇ ನೋಡಿದ್ದೇನೆ.

ಊರಿನವರು ನಮ್ಮನ್ನು ಅಕ್ಕ-ತಮ್ಮ ಅನ್ನುತ್ತಿದ್ದರು. ನಾನು ಹೈಸ್ಕೂಲು ಟೀಚರ್, ಬಾಯಿ ಜೋರು, ಅಂಥವರಿಗೆ ಅಲ್ಲೇ ಮಂಗಳಾರತಿ ಎತ್ತಿ ಕಳಿಸುತ್ತಿದ್ದೆ. ಇವರು ಮಾತ್ರ ಅವರ ಜೊತೆ ಸೇರಿ ನಗುತ್ತಿದ್ದರು. ಆ ನಗು ನಿಜ ಅಂತಲೇ ನಾನು ನಂಬಿದ್ದೆ. ಹೊಸದುರ್ಗದ ಒಂದು ಮದುವೆಯಲ್ಲಿ ಅದು ಬಿಚ್ಚಿಕೊಂಡಿತು. ವೇದಿಕೆ ತುಂಬ ನೆಂಟರು ನಿಂತಿದ್ದರು, ಇವರು ಪ್ಲಾಸ್ಟಿಕ್ ಕುರ್ಚಿ ಹತ್ತಿ ಕ್ಯಾಮೆರಾ ಹಿಡಿದಿದ್ದರು. ಮೈಕಿನವನು, “ಫೋಟೋದೋರಿಗೆ ಯಾರಾದ್ರೂ ಒಂದು ಏಣಿ ತಂದುಕೊಡ್ರಪ್ಪಾ” ಎಂದುಬಿಟ್ಟ. ಛತ್ರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಇವರೇ ನಕ್ಕರು. ಮನೆಗೆ ಬಂದು ಊಟ ಮಾಡಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು. ಬೆನ್ನು ಮುಟ್ಟಿದರೆ ಅಲುಗುತ್ತಿತ್ತು. ಅಯ್ಯೋ, ಇಷ್ಟು ವರ್ಷ ಈ ಮನುಷ್ಯ ನಗುತ್ತ ನಗುತ್ತ ಏನೆಲ್ಲ ನುಂಗಿದ್ದಾರೋ ಅಂದುಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ, ಹೆದ್ದಾರಿಗೆ ಹೋದ ಹೊಲದ ಪರಿಹಾರದಲ್ಲಿ ಇವರ ಪಾಲು ಬಂತು. ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ, “ಕಾಲು ಉದ್ದ ಮಾಡಿಸ್ಕಂತೀನಿ” ಎಂದರು. ಪ್ಯಾಂಟಿನ ಕಾಲು ಅಂದುಕೊಂಡು ನಾನು, “ಟೈಲರ್ ಅಂಗಡಿ ಇವತ್ತು ರಜಾ” ಎಂದೆ. ಇವರು ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

“ಯಾರಿಗೋಸ್ಕರ? ನಂಗೋಸ್ಕರನಾ? ನಾನೇನು ಒಂದಿನ ಆದ್ರೂ ಕೇಳಿದ್ನಾ?”

“ನಿಂಗೋಸ್ಕರ ಅಲ್ಲ ಕಣೆ. ನಂಗೋಸ್ಕರ.”

ಒಂದು ವಾರ ಜಗಳ ಆಡಿದೆ, ಇನ್ನೊಂದು ವಾರ ಮಾತು ಬಿಟ್ಟೆ. ಆಮೇಲೆ ಸ್ಕೂಲಿಗೆ ರಜೆ ಹಾಕಿ ಬೆಂಗಳೂರಿನ ಆಸ್ಪತ್ರೆಗೆ ಜೊತೆಯಲ್ಲೇ ಹೋದೆ.

ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. “ಮೂಳೆಯನ್ನ ಕತ್ತರಿಸಿ ಸ್ವಲ್ಪ ಸ್ವಲ್ಪವೇ ದೂರ ಎಳೆದರೆ, ನಡುವಿನ ಸಂದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತೆ. ಆದರೆ ಸ್ನಾಯು, ನರ ಅಷ್ಟು ಸುಲಭಕ್ಕೆ ಮಾತು ಕೇಳಲ್ಲ. ಅವು ಎಲ್ಲಿಯವರೆಗೆ ತಡೀತಾವೋ ಅಲ್ಲಿಯವರೆಗೆ ಮಾತ್ರ” ಎಂದರು. ನನ್ನ ಕಡೆ ತಿರುಗಿ, “ಕಾಲು ಉದ್ದ ಆದಾಗ ಬೆನ್ನು, ಕೈ ಹಾಗೇ ಇರ್ತವೆ. ದೇಹ ಒಂದಕ್ಕೊಂದು ಹೊಂದಿಕೊಂಡು ಬೆಳೆದಿರುತ್ತೆ ಅನ್ನೋದು ನೆನಪಿರಲಿ” ಎಂದರು. ಇವರು ತಲೆ ಆಡಿಸಿದರು. ಮೂರು ಬೆರಳು ಎತ್ತರ ಸಿಗುತ್ತದೆ ಎಂದು ಗೊತ್ತಾದ ಮೇಲೆ ಇವರ ಕಿವಿಗೆ ಬೇರೇನೂ ಬಿದ್ದಂತಿರಲಿಲ್ಲ.

ಇವರ ತಾಯಿ, ಅಂದರೆ ನಮ್ಮತ್ತೆ, ಹಿರಿಯೂರು ಕಡೆಯ ಹಳ್ಳಿಯಲ್ಲಿ ದೊಡ್ಡ ಮಗನ ಸಂಸಾರದ ಜೊತೆ ಇದ್ದಾರೆ. ಕುರಿ ಸಾಕುವ ಮನೆ. ಸಂತೆಯಲ್ಲಿ ಕುರಿ ವ್ಯಾಪಾರಕ್ಕೆ ಈಗಲೂ ಅತ್ತೆಯೇ ನಿಲ್ಲಬೇಕು, ಅವರ ಮುಂದೆ ಯಾವ ದಲ್ಲಾಳಿಯ ಆಟವೂ ನಡೆಯುವುದಿಲ್ಲ. ಅವರಿಗೆ ನಿಜ ಹೇಳಲು ಇವರಿಗೆ ಧೈರ್ಯ ಬರಲಿಲ್ಲ. ಬೈಕಿನಿಂದ ಬಿದ್ದು ಎರಡೂ ಕಾಲು ಮುರಿದಿವೆ ಎಂದು ಫೋನಿನಲ್ಲಿ ಹೇಳಿದರು. ಅತ್ತೆ ಬರುತ್ತೇನೆಂದು ಗೋಳಾಡಿದರು. “ಒಳಗೆ ಯಾರ್ನೂ ಬಿಡಲ್ಲವ್ವ, ಬಂದು ಏನ್ ಮಾಡ್ತೀಯ, ಅಲ್ಲೇ ಇರು” ಎಂದು ತಡೆದರು.

ಆಸ್ಪತ್ರೆಯ ದಿನಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಕಾಲಿನ ಸುತ್ತ ಕಬ್ಬಿಣದ ಬಳೆಗಳು, ಚರ್ಮದೊಳಗೆ ಹೋಗುವ ಕಡ್ಡಿಗಳು. ದಿನವೂ ಇವರೇ ಸ್ಕ್ರೂ ತಿರುಗಿಸಿಕೊಳ್ಳಬೇಕು. ಒಂದು ದಿನಕ್ಕೆ ಮೂಳೆ ಜರುಗುವುದು ಬೆಂಕಿಕಡ್ಡಿಯ ಅರ್ಧ ದಪ್ಪ. ಹಿಮ್ಮಡಿಯ ನರ ಬಿಗಿದುಕೊಂಡು ಪಾದ ನೆಲಕ್ಕೆ ಊರುತ್ತಿರಲಿಲ್ಲ. ಅದನ್ನು ಬಗ್ಗಿಸಲು ಒಬ್ಬ ಹುಡುಗಿ ಬರುತ್ತಿದ್ದಳು, ಅವಳ ಚಪ್ಪಲಿ ಸದ್ದು ಕೇಳಿದರೇ ಇವರ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳು ಪಾದ ಹಿಡಿದು ಒತ್ತಿದಾಗ ಇವರು ಕೂಗಿಕೊಳ್ಳುತ್ತಿದ್ದರು. ನಾನು ಕಾರಿಡಾರಿಗೆ ಹೋಗಿ ಕಿವಿ ಮುಚ್ಚಿಕೊಂಡು ಯಾವ ದೇವರನ್ನೂ ಬಿಡದೆ ಬೈಯುತ್ತಿದ್ದೆ.

ಆದರೂ ಸುಳ್ಳು ಹೇಳಬಾರದು, ಸಂತೋಷದ ದಿನಗಳೂ ಬಂದವು. ಕೋಲು ಬಿಟ್ಟು ನಡೆಯುವಂತಾದ ಮೇಲೆ ಒಂದು ದಿನ ಇವರು ಅಡುಗೆಮನೆಗೆ ಬಂದು, ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿಯನ್ನು ಯಾವ ಸ್ಟೂಲೂ ಇಲ್ಲದೆ ಇಳಿಸಿಕೊಟ್ಟರು. ಇಳಿಸಿ, ಮತ್ತೆ ಇಟ್ಟು, ಮತ್ತೆ ಇಳಿಸಿದರು. ಬೈಕು ನಿಲ್ಲಿಸಿದಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತಿದ್ದವು. ಬೇಕಂತಲೇ ನಿಲ್ಲಿಸಿ ನಿಲ್ಲಿಸಿ ಓಡಿಸುತ್ತಿದ್ದರು. ಆ ಮುಖದ ಕಳೆ ನೋಡಿ, ಹೋಗಲಿ ಬಿಡು, ಒಳ್ಳೆಯದೇ ಆಯಿತು ಅಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ. ಕನ್ನಡಿಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು ನೋಡುವುದು, “ಇನ್ನೆರಡು ಬೆರಳು ಐತೆ” ಅನ್ನುವುದು. ಅದರ ಜೊತೆಗೆ ಫೋಟೋದವರ ಹಾಳು ಕಣ್ಣು ಬೇರೆ. ತಮ್ಮದೇ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, “ಮಂಡಿ ಮ್ಯಾಲೆ ಬಂದುಬಿಟ್ಟೈತೆ ನೋಡು. ಕೆಳಗೆ ಉದ್ದ, ತೊಡೆ ಗಿಡ್ಡ. ತೊಡೆ ಎಳೆಸಿದ್ರೆ ಎರಡೂ ಸರಿಯಾಗ್ತವೆ, ನಿನ್ನ ಸಮಕ್ಕೂ ಬರ್ತೀನಿ” ಎಂದರು.

“ತೊಡೆ ಸರಿಯಾದ ಮ್ಯಾಲೆ ಕೈ ಗಿಡ್ಡ ಕಾಣ್ತವೆ. ಆವಾಗ ಏನ್ ಮಾಡ್ತೀರಿ?”

“ಕೈನೂ ಎಳೀತಾರಂತೆ” ಎಂದು ಇವರು ಮೆಲ್ಲಗೆ ಹೇಳಿದರು.

“ಎಳಿಸ್ಕಳ್ರಿ, ಕುತ್ತಿಗೆನೂ ಎಳಿಸ್ಕಳ್ರಿ” ಎಂದು ನಾನು ಸೌಟು ಕುಕ್ಕಿ ಎದ್ದು ಹೋದೆ. ಡಾಕ್ಟರು ಕೂಡ ಎರಡನೆಯದು ಇನ್ನೂ ಕಷ್ಟ, ಹಳೆಯ ಹಾಗೆ ಓಡಾಡಲು ಆಗದೇ ಹೋಗಬಹುದು, ಯೋಚನೆ ಮಾಡಿ ಎಂದೇ ಹೇಳಿದ್ದರು. ಇವರು ಯೋಚನೆ ಮಾಡಲಿಲ್ಲ. ಯುಗಾದಿ ಕಳೆದ ಮೇಲೆ ಎಂದು ದಿನ ಗೊತ್ತುಮಾಡಿದರು. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆಯೇ ಉಳಿಯಲಿಲ್ಲ. ಕೋಪಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆ ಆಗಿತ್ತು.

ಹೀಗಿರುವಾಗ ಒಂದು ಭಾನುವಾರ ಅತ್ತೆಯನ್ನು ನೋಡಲು ಹಳ್ಳಿಗೆ ಹೋದೆವು. ಇವರು ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಹೊರಟರು. ಬಾಗಿಲಲ್ಲಿ ಅತ್ತೆ ಮಗನ ಕೆನ್ನೆ ಸವರಲು ಕೈಯೆತ್ತಿ, “ಏನಪ್ಪ, ಮ್ಯಾಲಕ್ಕೋಗಿಬಿಟ್ಟೀಯ?” ಎಂದರು. “ಬೂಟು ಕಣವ್ವ, ಡಾಕ್ಟ್ರು ಬಿಚ್ಚಬ್ಯಾಡ ಅಂದವ್ರೆ” ಎಂದರು ಇವರು. ದೇವರ ಗೂಡಿರುವ ನಡುಮನೆಗೆ ಯಾರನ್ನೂ ಮೆಟ್ಟು ಹಾಕಿಕೊಂಡು ಬರಲು ಬಿಡದ ಅತ್ತೆ, ಮಗನ ಕಾಲು ನೆಟ್ಟಗಾಗಲಿ ಎಂದು ಅದನ್ನೂ ಸಹಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆಯ ಮನೆಯಲ್ಲಿ ಒಂದು ಪದ್ಧತಿ ಇದೆ. ಬಹಳ ದಿನ ಮಲಗಿದ್ದವರು ಎದ್ದು ಓಡಾಡುವಂತಾದರೆ ಅವರಿಗೆ ಹಳೆಯ ಕಂಬಳಿ ಕೊಡುವುದಿಲ್ಲ, ಅದರಲ್ಲಿ ಕಾಯಿಲೆ ಕೂತಿರುತ್ತದಂತೆ. ಹೊಸ ಉಣ್ಣೆಯಲ್ಲಿ ಅವರದೇ ಅಳತೆಗೆ ಒಂದು ನೇಯಿಸಿ, ಹಗಲು ಹೊತ್ತಲ್ಲಿ ಮಲಗಿಸಿ, ತಾಯಿಯೇ ನೆತ್ತಿಯಿಂದ ಪಾದದವರೆಗೆ ಹೊದಿಸಬೇಕು. ಅಳತೆಯನ್ನು ಮಲಗಿಸಿ ತೆಗೆಯುವುದಿಲ್ಲ. ಮಲಗಿಸಿ ಅಳೆಯುವುದು ಹೆಣಕ್ಕೆ. ಬದುಕಿರುವವರು ಎರಡೂ ಕೈ ಅಗಲಿಸಿ ಚಾಚಬೇಕು, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ದಾರ ಹಿಡಿಯಬೇಕು. ಆ ಒಂದು ಮಾರು ಎಷ್ಟೋ ಆಳಿನ ಎತ್ತರವೂ ಅಷ್ಟೇ, ಅದು ಅವರಿಗೆ ಅನುಮಾನವೇ ಇಲ್ಲದ ಲೆಕ್ಕ. ಇವರು ಮಂಚದ ಮೇಲೆ ಕೂತಲ್ಲೇ ಕೈ ಚಾಚಿದರು. ಅತ್ತೆ ದಾರ ಹಿಡಿದು ಎರಡು ಕಡೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಯುಗಾದಿಗೆ ಸ್ವಲ್ಪ ದಿನ ಇರುವಾಗ ಅತ್ತೆ ಕಂಬಳಿಯನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ದುರ್ಗಕ್ಕೆ ಬಂದರು. ಮಧ್ಯಾಹ್ನದ ಊಟವಾಗಿತ್ತು. “ಬೂಟು ಬಿಚ್ಚಪ್ಪ, ಹೊದಿಸ್ವಾಗ ಆಗಲ್ಲ” ಎಂದರು. ಇವರು ಬಿಚ್ಚಿ ಚಾಪೆ ಮೇಲೆ ಮಲಗಿದರು. ಅತ್ತೆ ಬಾಯಲ್ಲಿ ಏನೋ ಅಂದುಕೊಳ್ಳುತ್ತ ನೆತ್ತಿಯ ಕಡೆಯಿಂದ ಕಂಬಳಿ ಎಳೆಯುತ್ತ ಬಂದರು. ಕೆಳಗೆ ಬಂದರೆ ಪಾದಗಳೆರಡೂ ಹೊರಗೇ ಉಳಿದವು. ಓದುವವರ ಬಾಯಿಗೆ ಇಲ್ಲಿ ಒಂದು ಗಾದೆ ಬಂದಿರುತ್ತದೆ. ನನಗೂ ಬಂದಿತ್ತು, ನುಂಗಿಕೊಂಡೆ.

“ಅವ್ನ ಮನೆ ಹಾಳಾಗ! ನನ್ನ ಉಣ್ಣೆ ಹೊಡ್ಕಂಡವ್ನೆ!” ಎಂದು ಅತ್ತೆ ನೇಯ್ದವನನ್ನು ಬೈಯತೊಡಗಿದರು. “ಮರಿ ಉಣ್ಣೆ ಕಣವ್ವ, ಒಂದು ಎಳಿನೂ ಬಿಡದಂಗೆ ಆರಿಸಿ ಕೊಟ್ಟಿದ್ದೆ. ಈಗಿಂದೀಗ್ಲೇ ಬಸ್ ಹತ್ತಿ ಹೋಗಿ ಅವ್ನ ಗ್ರಾಚಾರ ಬಿಡಿಸ್ತೀನಿ!” ಸೊಂಟದಿಂದ ದಾರ ತೆಗೆದು ಕಂಬಳಿಗೆ ಹಿಡಿದರು. ದಾರದಷ್ಟೇ ಇತ್ತು ಕಂಬಳಿ. ಅತ್ತೆ ಸ್ವಲ್ಪ ತಣ್ಣಗಾದರು. “ಹಂಗಾರೆ ನಾನೇ ತಪ್ಪಿ ಹಿಡಿದ್ನೇನೋ. ಎದ್ದು ಕೈ ಚಾಚಪ್ಪ” ಎಂದರು. ಇವರು ಕೂತು ಚಾಚಿದರು. ದಾರ ಬೆರಳಿಂದ ಬೆರಳಿಗೆ ಸರಿಯಾಗಿತ್ತು.

“ಎದ್ದು ಗ್ವಾಡೆಗೆ ನಿಂತ್ಕ.”

ಇವರು ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ನೋಡಿದೆ. ಇವರು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅತ್ತೆ ಕುರ್ಚಿ ಹತ್ತಿ ನೆತ್ತಿಗೆ ದಾರ ಹಿಡಿದು ಇಳಿಬಿಟ್ಟರು. ತುದಿಯ ಗಂಟು ಕಾಲಿನ ಹರಡಿನ ಹತ್ತಿರ ತೂಗಾಡುತ್ತ ನಿಂತಿತು. ಅತ್ತೆ ಕುರ್ಚಿ ಇಳಿದರು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಮಗನ ಪ್ಯಾಂಟು ಮೇಲಕ್ಕೆ ಸರಿಸಿದರು. ಕಡ್ಡಿ ಹೊಕ್ಕಿದ್ದ ಗುರುತುಗಳು ಗುಂಡಗೆ, ಒಂದರ ಕೆಳಗೊಂದು ಇದ್ದವು.

“ಬಿದ್ದ ಗಾಯ ಹಿಂಗ್ ಸಾಲಾಗಿ ಆಗ್ತವೇನಪ್ಪ?”

ಇವರು ಗೋಡೆಗೆ ಒರಗಿಕೊಂಡೇ ಜಾರಿ ಕೂತರು. ಎಲ್ಲ ಹೇಳಿದರು. ಕುಯ್ದಿದ್ದು, ಎಳೆದಿದ್ದು, ಯುಗಾದಿಯಾದ ಮೇಲೆ ಮತ್ತೆ ಹೋಗುವುದು, ಏನನ್ನೂ ಬಿಡಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, “ನಿಂಗೂ ಗೊತ್ತಿತ್ತೇನವ್ವ?” ಎಂದರು. ನಾನು ಹೂಂ ಎಂದೆ.

ಅತ್ತೆ ಬೈಯುತ್ತಾರೆ ಎಂದು ಕಾದೆವು. ಅವರು ಆ ದಾರವನ್ನು ಬೆರಳಿಗೆ ಸುತ್ತುತ್ತ, “ನಾನ್ ಕೊಟ್ಟಿದ್ದು ಸಾಲ್ದೇ ಹೋಯ್ತೇನಪ್ಪ?” ಎಂದರು.

“ಹಂಗಲ್ಲವ್ವ…” ಎಂದರು ಇವರು.

“ನೋಯ್ತಾ?”

“ನೋಯ್ತವ್ವ.”

“ಭಾಳ ನೋಯ್ತಾ? ಕೂಗಿದ್ಯಾ?”

ಇವರು ತಲೆ ತಗ್ಗಿಸಿದರು.

“ಯಾರನ್ನ ಕೂಗ್ದೆ?”

ನನ್ನಿಂದ ತಡೆಯಲಾಗಲಿಲ್ಲ. “ನಿಮ್ಮನ್ನೇ ಅತ್ತೆ. ದಿನಾ ನಿಮ್ಮನ್ನೇ. ಅವ್ವಾ ಅವ್ವಾ ಅಂತ, ಇಡೀ ವಾರ್ಡಿಗೆ ಕೇಳಂಗೆ” ಎಂದೆ.

ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಆ ಹೆಂಗಸು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. “ನೀನು ಅಲ್ಲಿ ಅವ್ವಾ ಅನ್ವಾಗ ನಾನು ಸಂತೇಲಿ ನಿಂತ್ಕಂಡು ಕುರಿ ಯಾಪಾರ ಮಾಡ್ತಿದ್ದೆ ಕಣಪ್ಪ. ಯಾರ ಕುಟೇನೋ ನಗ್ತಾನೂ ಇದ್ದೆನೇನೋ” ಎಂದರು. ಮುಖ ಒರೆಸಿಕೊಂಡು, “ಹೋಗದೇ ಆದ್ರೆ ಹೋಗು. ನಿನ್ ಕಾಲು, ಬ್ಯಾಡ ಅನ್ನಕ್ಕೆ ನಾನ್ಯಾರು. ಈ ಸಲ ಮಾತ್ರ ನಾನೂ ಬರ್ತೀನಿ. ನೀನು ಕೂಗಿದ್ರೆ ಓ ಅನ್ನಕ್ಕೆ ನಾನಿರಬೇಕು” ಎಂದರು.

ಅವತ್ತು ಸಂಜೆಯ ಬಸ್ಸಿಗೆ ಅತ್ತೆ ಊರಿಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಹಿಟ್ಟು ಕೇಳಿ, ಬೆಂಗಳೂರಿಗೆ ಒಯ್ಯಲು ಗರಿಗರಿಯಾಗಿ ಒಣಗಿಸುವ ಕಟಿ ರೊಟ್ಟಿ ತಟ್ಟಲು ಕೂತರು. ಯುಗಾದಿಗೆ ಇನ್ನೂ ದಿನ ಇದೆ ಎಂದರೂ ಕೇಳಲಿಲ್ಲ, ಕಟಿ ರೊಟ್ಟಿ ಕೆಡುವುದಿಲ್ಲ ಎಂದರು. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಡಿಯುತ್ತಿದ್ದ ಅವ್ವನ ಕೈಯನ್ನೇ ನೋಡುತ್ತಿದ್ದರು. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಿದ್ದೆ, ಅವತ್ತು ನನ್ನ ಬಾಯಿಗೂ ಬುದ್ಧಿ ಬಂದಿತ್ತು.

ಮಾರನೆಯ ಬೆಳಿಗ್ಗೆ ಇವರು ಬಾಲ್ಕನಿಯಲ್ಲಿ ನಿಂತು ಡಾಕ್ಟರಿಗೆ ಫೋನು ಮಾಡಿದರು. ಬರುವುದಿಲ್ಲ, ನನ್ನ ದಿನವನ್ನು ಬೇರೆಯವರಿಗೆ ಕೊಡಿ ಎಂದರು. ಫೋನಿನ ಸದ್ದು ಜೋರಾಗಿತ್ತು, ಡಾಕ್ಟರ ಮಾತು ನನಗೂ ಕೇಳಿಸಿತು. “ಒಳ್ಳೇದೇ ಆಯ್ತು. ಏನು, ನೋವು ನೆನೆಸಿಕೊಂಡು ಹೆದರಿಕೆ ಆಯ್ತಾ?” ಎಂದು ಕೇಳಿದರು.

“ಇಲ್ಲ ಸಾರ್” ಎಂದರು ಇವರು. “ನಾನು ನೋವು ತಡ್ಕಂತೀನಿ. ಈ ಸಲ ನಮ್ಮವ್ವ ಬಂದು ಹೊರಗಡೆ ಬೆಂಚಿನ ಮ್ಯಾಲೆ ಕುಂತ್ಕಂತಾಳಂತೆ ಸಾರ್.”